ರಾಜ್ಯ ಬಿಟ್ಟುಕೊಡದವಳು

ಈ ಕಥೆಯನ್ನು ಮೊದಲು ಹೇಳಿದವಳು ಕಾಜಾ ಅತ್ತೆ. ಕೆಳಮಹಡಿಯ ದರ್ಜಿ ಅಂಗಡಿಯಲ್ಲಿ ಅಂಗಿಗಳ ಗುಂಡಿಗಳಿಗೆ ಕಾಜಾ ಹೊಲಿಯುತ್ತಲೇ ತಲೆ ನರೆಸಿಕೊಂಡವಳು. ಯಾರಿಗೂ ಅತ್ತೆಯಲ್ಲ, ಕಟ್ಟಡಕ್ಕೆಲ್ಲ ಅತ್ತೆ. ಹೇಳಿದ್ದು, ಹಳೆಯ ಲಿಫ್ಟನ್ನು ಕಳಚಿ ತುಂಡು ತುಂಡಾಗಿ ಲಾರಿಗೆ ಏರಿಸಿದ ದಿನದ ಸಂಜೆ. ಲಾರಿ ಹೆಬ್ಬಾಗಿಲಿಗೆ ಅಡ್ಡ ನಿಂತಿದ್ದರಿಂದ ಮನೆಗೆ ಹೊರಟವರೆಲ್ಲ ಮೆಟ್ಟಿಲ ಮೇಲೆ ಕುಳಿತಿದ್ದರು.

"ಹಾಳು ಡಬ್ಬಿ, ತೊಲಗ್ಲಿ ಬಿಡಿ," ಎಂದರು ಯಾರೋ.

"ನಾಲಿಗೆ ಬಿಗಿ ಹಿಡೀರಿ! ಆ ಡಬ್ಬಿ ಒಂದು ಮದುವೆ ಮಾಡಿಸಿದೆ," ಎಂದಳು ಅತ್ತೆ.

ಬಾಯಿಂದ ಬಾಯಿಗೆ ದಾಟುವಾಗ ಕಥೆ ಅಲ್ಲಿಷ್ಟು ಇಲ್ಲಿಷ್ಟು ಬದಲಾಗಿದೆ. ಅತ್ತೆಯ ಹೇಳಿಕೆ ಮಾತ್ರ ಹೀಗಿತ್ತು.

*

ಮೂರನೆಯ ಮಹಡಿಯಲ್ಲಿ ಕನ್ನಡಕದ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು... ಎರಡು ಕೋಣೆ, ಒಂದು ಸಾಣೆಯಂತ್ರ, ಗೋಡೆಯುದ್ದಕ್ಕೂ ಗಾಜಿನ ತಟ್ಟೆಗಳು. ಅಂಗಡಿಗಳಿಂದ ಬಂದ ಅಳತೆಗೆ ಗಾಜಿನ ಅಂಚು ತೇಯ್ದು, ಫ್ರೇಮಿಗೆ ಕೂರಿಸುವವಳು ನಮ್ಮ ಕಥೆಯ ಹುಡುಗಿ. ಕಟ್ಟಡದ ಬಾಯಲ್ಲಿ ಅವಳು "ಗಾಜಿನವಳು".

ಅಂದು ಬೆಳಿಗ್ಗೆ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಅವಳೊಬ್ಬಳೇ!

ಕೆಳಗೆ ಗದ್ದಲವೋ ಗದ್ದಲ. ಲಿಫ್ಟು ರಿಪೇರಿಯವನು ಓಡೋಡಿ ಬಂದ. ಮೇಲಿನ ಬಾಗಿಲನ್ನು ಮೀಟಿ ತೆರೆದು, ನೆಲಕ್ಕೆ ಹೊಟ್ಟೆಯೂರಿ ಮಲಗಿ, ಕತ್ತಲೆಯೊಳಕ್ಕೆ ತಲೆ ಇಳಿಬಿಟ್ಟ.

"ರೀ... ಹೆದರ್ಕೋಬೇಡಿ! ನಾನು ಬಂದಿದೀನಿ. ಉಸಿರಾಡೋಕೆ ಕಷ್ಟ ಆಗ್ತಿದೆಯಾ?"

"ಶ್... ಒಂದು ನಿಮಿಷ."

"ಏನು?"

"ಈ ಸರದಿ ಮುಗೀಲಿ."

ಅವನು ಕಣ್ಣು ಕಿರಿದು ಮಾಡಿ ನೋಡಿದ. ಲಿಫ್ಟಿನ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತಿದ್ದಾಳೆ. ಮೊಬೈಲಿನ ಬೆಳಕು ಮುಖಕ್ಕೆ ಬಿದ್ದಿದೆ. ಹುಬ್ಬು ಗಂಟಿಕ್ಕಿದೆ. ಯುದ್ಧರಂಗದ ಸೇನಾಪತಿಗೂ ಅಷ್ಟು ಗಾಂಭೀರ್ಯ ಇರಲಾರದು.

ಆ ಸರದಿ ಮುಗಿಯಿತು. ಇನ್ನೊಂದು ಶುರುವಾಯಿತು.

"ರೀ! ಲಿಫ್ಟು ನಿಂತಿದೆ ಅನ್ನೋದಾದ್ರೂ ಗೊತ್ತಾ ನಿಮಗೆ?"

ಅವಳು ತಲೆಯೆತ್ತಿದಳು. ಎಡಕ್ಕೆ ನೋಡಿದಳು. ಬಲಕ್ಕೆ ನೋಡಿದಳು.

"ಓ... ನಿಂತಿದೆಯಾ?"

ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕೈ ಚಾಚಿ ಅವಳನ್ನು ಮೇಲಕ್ಕೆಳೆದುಕೊಂಡ. ಅವನ ಕೈಯ ಗ್ರೀಸು ಅವಳ ಮಣಿಕಟ್ಟಿಗೆ ಕಪ್ಪು ಬಳೆಯಂತೆ ಅಂಟಿತು. ಎದೆ ಒಮ್ಮೆ ಧಸಕ್ಕೆಂದಿತು... ಬಿದ್ದೇನೆಂಬ ಭಯಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು.

ಅವನ ಕಣ್ಣು ಮೊಬೈಲಿನ ಮೇಲಿತ್ತು. ನಕ್ಷೆ, ಕೋಟೆ, ಕಣಿವೆ, ಕಣಿವೆಯ ಬಾಯಲ್ಲಿ ಕಾವಲು.

"ಓ, ಸ್ಟ್ರಾಟಜಿ ಗೇಮಾ? ರಾಜ್ಯ ಕಟ್ಟೋದು, ಗಡಿ ಕಾಯೋದು... ಒಬ್ಬರೇ ಕೂತ್ಕೊಂಡು?"

"ಹೌದು. ಏನೀಗ?"

"ಏನಿಲ್ಲ. ಅದರಲ್ಲಿ ನಿಮಗೋಸ್ಕರ ಕಾಯೋರು ಯಾರೂ ಇರಲ್ವಲ್ಲ... ಪಾಪ ಅನ್ನಿಸ್ತು."

ಪಾಪ! ಬೈದಿದ್ದರೆ ಸಹಿಸಬಹುದಿತ್ತು. ಮನೆಯಲ್ಲಿ ಕೇಳಿ ಕೇಳಿ ಅಭ್ಯಾಸವಾಗಿತ್ತು. ಆದರೆ ಪಾಪ ಅನ್ನುವುದೇ?

"ಕಾಯೋರು ಯಾರೂ ಇಲ್ಲ ಅಂತಾನೇ ಆಡ್ತೀನಿ ಕಣ್ರೀ. ನೀವು ಮೊದ್ಲು ನಿಮ್ಮ ಲಿಫ್ಟು ನೋಡ್ಕೊಳ್ಳಿ!"

ಸರಸರನೆ ಹೊರಟಳು. ಹಿಂದಿನಿಂದ ಅವನ ದನಿ ಬಂತು.

"ನಾನೂ ಆಡ್ತೀನಿ ರೀ! ಆನ್‌ಲೈನು! ನಮ್ಮದೊಂದು ದೊಡ್ಡ ದಂಡೇ ಇದೆ!"

ಹೆಜ್ಜೆ ನಿಂತಿತು. ಕಾಲುಗಳಿಗೆ ಬೇರೆಯದೇ ಬುದ್ಧಿ ಇರುತ್ತದೆ.

*

ಆ ಲಿಫ್ಟಿಗೆ ವಯಸ್ಸಾಗಿತ್ತು. ಕೆಡದ ವಾರವಿರಲಿಲ್ಲ. ಅವನು ಬಾರದ ವಾರವೂ ಇರಲಿಲ್ಲ. ಕೆಲವರು ಅವನೇ ಕೆಡಿಸುತ್ತಿದ್ದನೆಂದು ಹೇಳುತ್ತಾರೆ. ಕಾಜಾ ಅತ್ತೆ ಅದನ್ನು ಖಂಡಿಸುತ್ತಾಳೆ.

ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಇಬ್ಬರ ವಾದ ಶುರುವಾಗುತ್ತಿತ್ತು. ಯಾವ ಆಟದ ಸೆಳೆತ ಹೆಚ್ಚು? ಒಬ್ಬಳೇ ರಾಜ್ಯ ಕಟ್ಟುವ ಅವಳ ತಂತ್ರದಾಟದ್ದೋ, ವೀರರ ವೇಷ ತೊಟ್ಟು ಆನ್‌ಲೈನಿನಲ್ಲಿ ಹತ್ತಾರು ಜನ ಕೂಡಿ ಆಡುವ ಅವನ ವೇಷದಾಟದ್ದೋ?

"ನಿಮ್ಮ ಆಟ ತುರಿಕೆ ಇದ್ದ ಹಾಗೆ. ಇನ್ನೊಂದ್ಸಲ ಕೆರೀತೀನಿ, ಇನ್ನೊಂದೇ ಒಂದ್ಸಲ ಅಂತ... ಚರ್ಮ ಕಿತ್ತು ಬಂದ್ರೂ ನಿಲ್ಲಲ್ಲ," ಎನ್ನುತ್ತಿದ್ದ ಅವನು.

"ನಿಮ್ಮದು ನೆಂಟಸ್ತನ ಇದ್ದ ಹಾಗೆ. ಒಂದು ದಿನ ಮುಖ ತೋರಿಸ್ಲಿಲ್ಲ ಅಂದ್ರೆ ಸಾಕು, ಮುನಿಸ್ಕೋತಾರೆ!"

ಆ ಆಟದಲ್ಲಿ ಅವನು ಗುರಾಣಿ ಹಿಡಿಯುವವನು. ಮೃಗ ಬಂದಾಗ ಎಲ್ಲರಿಗಿಂತ ಮುಂದೆ ನಿಂತು ಹೊಡೆತ ತಿನ್ನುವ ಕೆಲಸ. ದಂಡಿನವರೆಲ್ಲ ಅವನನ್ನು "ಗೋಡೆ" ಎನ್ನುತ್ತಿದ್ದರು.

"ನನ್ನ ರಾಜ್ಯ ನಾನು ನಿಲ್ಲಿಸಿದ ಜಾಗದಲ್ಲೇ ನಿಂತಿರುತ್ತೆ. ನಿಮ್ಮ ಲೋಕ ನೀವು ಮಲಗಿದ್ರೂ ಓಡ್ತಾನೇ ಇರುತ್ತೆ. ಯಾವುದು ಅಪಾಯ, ನೀವೇ ಹೇಳಿ."

"ಮೊಬೈಲಲ್ಲಿ ನಿಂತಿರುತ್ತೆ ರಾಣಿಯೋರೇ. ತಲೆಯೊಳಗೆ ನಿಲ್ಲುತ್ತಾ?"

 ಅಂದು ಬೆಳಿಗ್ಗೆಯೆಲ್ಲ ಸಾಣೆಯ ಮುಂದೆ ನಿಂತು ಅವಳು ಯೋಚಿಸಿದ್ದು ಗಾಜಿನ ಬಗ್ಗೆಯಲ್ಲ, ತನ್ನ ರಾಜ್ಯದ ಉತ್ತರ ದಿಕ್ಕಿನ ಕಣಿವೆಯ ಬಗ್ಗೆ. ಇವನಿಗೆ ಹೇಗೆ ಗೊತ್ತಾಯಿತು?

ಕೊನೆಗೆ ಕಾಜಾ ಅತ್ತೆಯೇ ತೀರ್ಪು ಕೊಟ್ಟಳು. "ನೀರಿಗಿಳಿಯದೆ ಆಳ ಹೇಗೆ ಗೊತ್ತಾಗುತ್ತೆ? ನೀನು ಅವಳದ್ದಾಡು, ಅವಳು ನಿನ್ನದಾಡ್ಲಿ. ನನ್ನ ಕಿವಿಗೆ ಸ್ವಲ್ಪ ಬಿಡುವು ಸಿಗ್ಲಿ!"

ಅದಲುಬದಲಾಯಿತು.

ಮುಂದಿನ ವಾರ ಅವನು ಬಂದಾಗ ಕಣ್ಣು ಕೆಂಡ.

"ಬೆಳಿಗ್ಗೆ ಕಾಫಿ ಇಟ್ಕೊಂಡು ಕೂತೆ ರೀ. ತಲೆ ಎತ್ತಿದ್ರೆ ಮಧ್ಯಾಹ್ನ! ಕಾಫಿ ಮೇಲೆ ಕೆನೆ ಕಟ್ಟಿ, ಕೆನೆ ಮೇಲೆ ನೊಣ ಕೂತು, ಅದಕ್ಕೂ ಬೇಜಾರಾಗಿ ಎದ್ದು ಹೋಗಿತ್ತು. ಒಂದು ಸೇತುವೆ ಕಟ್ಟಿ ಮುಗಿಸೋಣ ಅಂತಿದ್ದೆ... ಸೇತುವೆ ಆದ್ಮೇಲೆ ದಾರಿ, ದಾರಿ ಆದ್ಮೇಲೆ ಊರು. ಎಲ್ಲಿ ರೀ ಇದರ ಕೊನೆ?"

"ಕೊನೆ ಇದ್ದಿದ್ರೆ ಆಡ್ತಿದ್ನಾ?"

"ನೀವು ಹೇಳಿ. ನಮ್ಮ ದಂಡು ಹೇಗಿದೆ?"

"ಪರವಾಗಿಲ್ಲ... ಸುಮಾರಾಗಿದೆ."

ಬಾಯಿ ಹಾಗೆಂದಿತು. ಮುಖ ಬೇರೆ ಹೇಳಿತು.

ಮೊದಲ ದಿನವೇ ಅವಳು ಹಳ್ಳಕ್ಕೆ ಬಿದ್ದಿದ್ದಳು. ಅವಳೊಬ್ಬಳಿಗಾಗಿ ಇಡೀ ದಂಡು ಬಂದ ದಾರಿಗೆ ಹಿಂದಿರುಗಿತ್ತು! ಅದರಲ್ಲೊಬ್ಬ ಬಿಲ್ಲುಗಾರ, ನಿವೃತ್ತ ಗಣಿತದ ಮೇಷ್ಟ್ರು, ಎಲ್ಲರಿಗೂ ಬಿಲ್ಲಜ್ಜ. ಹಗ್ಗ ಇಳಿಬಿಡುತ್ತಾ ಆತ ಬರೆದಿದ್ದು ಒಂದೇ ಸಾಲು: "ಊಟ ಆಯ್ತೇನಮ್ಮಾ?"

ಅವಳ ರಾಜ್ಯದಲ್ಲಿ ಪ್ರಜೆಗಳಿಗೆ ಬರವಿರಲಿಲ್ಲ. ತೆರಿಗೆ ಕೊಡುತ್ತಿದ್ದರು, ದಂಗೆಯೇಳುತ್ತಿದ್ದರು. ಊಟವಾಯಿತೇ ಎಂದು ಯಾರೂ ಕೇಳಿರಲಿಲ್ಲ... ಅಲ್ಲಿ ಕರೆಯುವುದು ಮುಗಿಯದ ಕೆಲಸ. ಇಲ್ಲಿ ಕರೆಯುವುದು ಜನ. ಎರಡು ಕೊಕ್ಕೆಗಳೂ ಒಳಗಿಳಿಯುವ ಜಾಗ ಬೇರೆ ಬೇರೆ ಎಂದು ಅವಳಿಗೆ ಅಂದೇ ಹೊಳೆಯಿತು. ಆದರೆ ಅವನ ಮುಂದೆ ಒಪ್ಪಿಕೊಳ್ಳುವವರು ಯಾರು?

"ನೀವು" ಯಾವಾಗ "ನೀನು" ಆಯಿತೆಂದು ಯಾರಿಗೂ ಗೊತ್ತಿಲ್ಲ. ಒಂದು ಮಧ್ಯಾಹ್ನ ಅತ್ತೆ ಕಾಜಾದಿಂದ ತಲೆಯೆತ್ತುವಷ್ಟರಲ್ಲಿ ಆಗಿಹೋಗಿತ್ತು.

*

ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ. ಅಣ್ಣ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದ. ಕಲಿಯುವವರ ಪಕ್ಕದ ಸೀಟಿನಲ್ಲಿ ಕುಳಿತು, ತನ್ನ ಕಾಲಡಿಯ ಎರಡನೇ ಬ್ರೇಕನ್ನು ಒತ್ತುವುದೇ ಅವನ ವೃತ್ತಿ. ಮನೆಯಲ್ಲೂ ಅವನ ಕಾಲು ಅದೇ ಬ್ರೇಕಿನ ಮೇಲಿರುತ್ತಿತ್ತು.

ತಂಗಿಗೆ ಬಂದ ಸಂಬಂಧಗಳ ಮುಂದೆ ಅವನು "ಬಿಡುವಿನಲ್ಲಿ ಕಸೂತಿ ಹಾಕ್ತಾಳೆ" ಎನ್ನುತ್ತಿದ್ದ. ಅವಳು "ಇಲ್ಲ, ಗೇಮ್ ಆಡ್ತೀನಿ" ಎನ್ನುತ್ತಿದ್ದಳು. ಸಂಬಂಧ ಅಲ್ಲಿಗೇ ಮುರಿಯುತ್ತಿತ್ತು.

"ಒಂದು ಮಾತು ನುಂಗ್ಕೊಂಡ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಅಮ್ಮ ಗೋಳಾಡುತ್ತಿದ್ದಳು.

"ಇವತ್ತು ಒಂದು ಮಾತು ನುಂಗಿದ್ರೆ ಜೀವನಪೂರ್ತಿ ನುಂಗ್ತಾನೇ ಇರ್ಬೇಕು ಅಮ್ಮಾ. ನನಗಾಗಲ್ಲ."

ಅವಳಿಗೆ ಬೇಕಿದ್ದುದು ಅಷ್ಟೇ: ತನ್ನನ್ನು ಇದ್ದ ಹಾಗೆ ಕರೆದೊಯ್ಯುವವನು. ಅಂಚು ತೇಯ್ದು ಫ್ರೇಮಿಗೆ ಕೂರಿಸಿಕೊಳ್ಳಲು ಅವಳೇನು ಗಾಜೇ?

"ಭಾನುವಾರ ಮನೆಗೆ ಬಾ," ಎಂದಳು ಲಿಫ್ಟಿನವನಿಗೆ. "ಅಣ್ಣನ ಮುಂದೆ ಕೂತು ಒಂದೇ ಮಾತು ಹೇಳು. ಇವಳೂ ಆಡ್ತಾಳೆ, ನಾನೂ ಆಡ್ತೀನಿ, ಹೀಗೇ ಮದುವೆ ಆಗ್ತೀವಿ ಅಂತ. ಹೇಳ್ತೀಯಾ?"

"ಹೇಳ್ತೀನಿ."

ಬಂದ. ಇಸ್ತ್ರಿ ಮಾಡಿದ ಅಂಗಿ, ಎಷ್ಟು ಉಜ್ಜಿದರೂ ಹೋಗದ ಉಗುರಿನ ಕಪ್ಪು. ಅವಳು ಬಾಗಿಲ ಹಿಂದೆ ನಿಂತಿದ್ದಳು.

ಅಣ್ಣ ಅತಿಥಿಯ ಕಡೆ ನೋಡಲೂ ಇಲ್ಲ. ತಂಗಿಯ ಮೇಲೆಯೇ ಎಗರಿದ.

"ನಾಚಿಕೆ ಆಗಲ್ವೇನೇ ನಿನಗೆ? ವಯಸ್ಸೆಷ್ಟು, ಆಡೋ ಆಟ ಎಂಥದ್ದು! ಮೊಬೈಲು ಕೈಗೆ ಬಂದ್ರೆ ಅನ್ನ ಬೇಡ, ನೀರು ಬೇಡ. ಇದು ಚಟ ಅಲ್ದೆ ಮತ್ತೇನು? ಹೇಳು!"

ಅವಳು ಬಾಯಿ ತೆರೆದಳು. ಮಾತು ಸಿದ್ಧವಿತ್ತು. ಅಷ್ಟರಲ್ಲಿ...

ಲಿಫ್ಟಿನವನು ಎದ್ದು ಅಣ್ಣನಿಗೂ ಅವಳಿಗೂ ನಡುವೆ ಬಂದು ನಿಂತ.

"ಅವಳನ್ನ ಬೈಬೇಡಿ! ನನ್ನ ಕಡೆ ನೋಡಿ. ತಪ್ಪು ನಂದು. ಅವಳು ಬಿಡ್ಬೇಕು ಅಂತಾನೇ ಇದ್ಲು. ಬಿಡೋಕೆ ಬಿಡದೆ ಮತ್ತೆ ಎಳ್ಕೊಂಡವನು ನಾನು."



ಏನು ಹೇಳಿದ ಇವನು? ಬಿಡಬೇಕು ಅಂತ ಇದ್ದೆನೇ? ನಾನು... ಯಾವಾಗ?

ಅಣ್ಣನ ಮುಖ ಮೆಲ್ಲನೆ ಸಡಿಲವಾಯಿತು. "ಹಾಗೋ ವಿಷಯ. ಬಿಡ್ಬೇಕು ಅಂತ ಇತ್ತಾ ಅವಳಿಗೆ..." ಎಂದವನೇ ತಂಗಿಯ ತಲೆಯ ಮೇಲೆ ಕೈಯಿಟ್ಟ. ಆ ಕೈ ಹೊಡೆತಕ್ಕಿಂತ ಭಾರವಾಗಿತ್ತು. "ಪಾಪ. ಅವಳದ್ದೇನು ತಪ್ಪು?"

ಮತ್ತೆ ಪಾಪ!

ಅಣ್ಣ ಬಾಗಿಲು ತೋರಿಸಿದ. ಲಿಫ್ಟಿನವನು ಹೊರಟ. ಹೋಗುವಾಗ ಅವಳ ಕಡೆ ತಿರುಗಿ ನಕ್ಕ. ಏನೋ ದೊಡ್ಡ ಉಪಕಾರ ಮಾಡಿದವನಂತೆ, ಹೊಡೆತವೆಲ್ಲ ತನಗೇ ಬಿದ್ದು ಅವಳು ಉಳಿದಳೆಂಬ ನೆಮ್ಮದಿಯ ನಗು!

ಅವಳು ನಗಲಿಲ್ಲ.

ಅವಳ ಆಟದಲ್ಲಿ ಅದಕ್ಕೊಂದು ನಿಯಮವಿತ್ತು. ಒಪ್ಪಂದ ಮುರಿದ ಮಿತ್ರನನ್ನು ಯಾಕೆಂದು ಕೇಳಬಾರದು. ಸೇತುವೆ ಸುಡಬೇಕು, ಗಡಿ ಮುಚ್ಚಬೇಕು. ಸಂಜೆಯೊಳಗೆ ಅವನ ನಂಬರು ಬ್ಲಾಕ್ ಆಯಿತು. ಮರುದಿನದಿಂದ ಅವಳು ಮೂರು ಮಹಡಿಯನ್ನೂ ಮೆಟ್ಟಿಲಲ್ಲೇ ಹತ್ತಿದಳು. ಅವನು ಲಿಫ್ಟಿನ ಬಾಗಿಲಲ್ಲಿ ನಿಂತು ಕರೆದರೆ ಕಿವುಡಿಯಾದಳು.

ಎಷ್ಟೋ ಸಲ ಕಣ್ಣು ತುಂಬಿ ಬಂದು ಗಾಜಿನ ಗೆರೆ ಕಾಣದೆ ಯಂತ್ರ ನಿಲ್ಲಿಸಬೇಕಾಯಿತು. "ಸಾಣೆ ನೀರು ಸಿಡೀತು," ಎನ್ನುತ್ತಿದ್ದಳು. ಸಾಣೆ ನಿಂತಿರುತ್ತಿತ್ತು.

*

ಮನೆಯಲ್ಲಿ ಈಗ ಎಲ್ಲರೂ ಮೃದು. ಅಣ್ಣ ಬೈಯುವುದನ್ನೇ ಬಿಟ್ಟಿದ್ದ. "ದಾರಿ ತಪ್ಪಿಸಿದ್ರು ಹುಡುಗೀನ" ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ಕೆಟ್ಟವಳೆನಿಸಿಕೊಂಡು ಬದುಕಿದ್ದಳು ಅವಳು. ಈ ಕನಿಕರದಲ್ಲಿ ಮಾತ್ರ ಉಸಿರುಗಟ್ಟುತ್ತಿತ್ತು.

ಹೊಸ ಸಂಬಂಧ ಬಂತು. ಭಾನುವಾರ ಸಂಜೆ ನೋಡಲು ಬರುತ್ತಾರೆ.

"ಬಿಟ್ಟಿದ್ದಾಳೆ ಅಂತ ನಾನು ಹೇಳ್ತೀನಿ," ಎಂದ ಅಣ್ಣ. "ನೀನು ತಲೆ ಆಡಿಸು, ಸಾಕು."

ಅವಳಿಗೂ ಸಾಕಾಗಿತ್ತು. ಒಬ್ಬನನ್ನು ನಂಬಿದ್ದಾಯಿತು, ಆದದ್ದಾಯಿತು. ತಲೆಯಾಡಿಸಿದರೆ ಮುಗಿಯಿತಲ್ಲ...

ಆದರೆ ದಂಡಿನವರಿಗೆ ಹೇಳದೆ ಹೋಗುವುದು ಸರಿಯಲ್ಲ. ಭಾನುವಾರ ಬೆಳಿಗ್ಗೆ ಕೊನೆಯ ಬಾರಿ ಎಂದು ವೇಷದಾಟ ತೆರೆದಳು. ಗೋಡೆ ಎನಿಸಿಕೊಂಡ ಲಿಫ್ಟಿನವನೂ ಇದ್ದ. ಅವಳು ಮಾತಾಡಿಸಲಿಲ್ಲ.

"ಬಂದ್ಯೇನಮ್ಮಾ? ಇಯರ್‌ಫೋನು ಕಿವಿಗೆ ಹಾಕ್ಕೋ, ಇವತ್ತು ಬರೆಯೋಕೆ ಪುರಸೊತ್ತಿರಲ್ಲ. ದೊಡ್ಡ ಮೃಗ!" ಎಂದು ಬರೆದ ಬಿಲ್ಲಜ್ಜ.

ಅಲ್ಲಿಯವರೆಗೂ ಅವಳು ಹೊಸಬಳೆಂದು ಎಲ್ಲರಿಗಿಂತ ಹಿಂದೆ ನಿಲ್ಲುತ್ತಿದ್ದಳು. ಅಂದು ಯಾಕೋ ಸಿಟ್ಟು ನೆತ್ತಿಗೇರಿತ್ತು. ದಂಡನ್ನೆಲ್ಲ ದಾಟಿ ಮುಂದೆ ನುಗ್ಗಿ, ಮೊದಲ ಏಟು ತಾನೇ ಹಾಕಿದಳು.

ಮೃಗ ಅವಳ ಕಡೆ ತಿರುಗಿತು.

ಮರುಕ್ಷಣ ಗುರಾಣಿಯೊಂದು ಅಡ್ಡ ಬಂತು. ಕಿವಿಯೊಳಗೆ ಅವನ ದನಿ ಗುಡುಗಿತು.

"ಅವಳನ್ನ ಬಿಡೋ! ನನ್ನ ಕಡೆ ನೋಡೋ! ಹೊಡೆದವನು ನಾನು! ಇಲ್ಲಿ ನೋಡು, ನಾನು!"

ಅವಳ ಬೆರಳು ಅಲ್ಲೇ ನಿಂತಿತು.

ನನ್ನ ಕಡೆ ನೋಡಿ. ತಪ್ಪು ನಂದು...

ಅದೇ ದನಿ. ಅದೇ ಮಾತು. ಹಜಾರದಲ್ಲಿ ಅಣ್ಣನ ಮುಂದೆ ನಿಂತಿದ್ದೂ ಹೀಗೆಯೇ!

"ಅಜ್ಜಾ," ಎಂದಳು. "ಹೊಡೆದಿದ್ದು ನಾನಲ್ವಾ? ಇವನ್ಯಾಕೆ ಸುಳ್ಳು ಹೇಳ್ತಾನೆ?"

ಬಿಲ್ಲಜ್ಜ ನಕ್ಕ. "ಮೃಗಕ್ಕೆ ಸಿಟ್ಟು ಬರಿಸಿ ತನ್ನ ಕಡೆ ಎಳ್ಕೊಳ್ಳೋದೇ ಅವನ ಕೆಲಸ ಕಣಮ್ಮಾ. ವರ್ಷಗಟ್ಟಲೆ ಅದನ್ನೇ ಮಾಡಿ ಮಾಡಿ ಬುದ್ಧಿಗೆ ಅಂಟಿದೆ. ಯಾರಿಗೆ ಏಟು ಬಿದ್ರೂ ಮಧ್ಯೆ ಹೋಗಿ ನಿಲ್ತಾನೆ... ಬೇಡ ಅಂದ್ರೂ."

ಅವಳು ಮೊಬೈಲನ್ನು ಕೆಳಗಿಟ್ಟಳು.

ಸಿಟ್ಟು ಇಳಿಯಿತೆಂದು ತಿಳಿಯಬೇಡಿ. ಮೋಸಗಾರನ ಮೇಲಿದ್ದ ಸಿಟ್ಟು ಪೆದ್ದನ ಮೇಲೆ ತಿರುಗಿತು, ಅಷ್ಟೇ. ಜೊತೆಗೆ ಒಂದಿಷ್ಟು ತನ್ನ ಮೇಲೂ. ಅವನ ಬುದ್ಧಿಗೆ ಅವನ ಆಟ ಅಂಟಿದ್ದರೆ, ನನ್ನ ಬುದ್ಧಿಗೆ ಅಂಟಿದ್ದೇನು? 'ಯಾಕೋ ಹಾಗೆ ಹೇಳ್ದೆ?' ಎಂದು ಅವನನ್ನು ಒಂದು ಮಾತು ಕೇಳಿದೆನೇ?

*

ಸಂಜೆ ಗಂಡಿನವರು ಬಂದರು. ಗಂಡು, ಗಂಡಿನ ತಾಯಿ, ಮಾತಾಡದ ತಂದೆ.

"ಹುಡುಗಿ ಬಂಗಾರ," ಎಂದು ಅಣ್ಣ ಶುರು ಮಾಡಿದ. "ಹಿಂದೆ ಮೊಬೈಲ್ ಆಟ ಅಂತ ಸ್ವಲ್ಪ... ಯಾರೋ ಹಚ್ಚಿಬಿಟ್ಟಿದ್ದ. ಈಗ ಎಲ್ಲ ಬಿಟ್ಟಿದ್ದಾಳೆ. ಅಲ್ವೇನಮ್ಮಾ?"

ಎಲ್ಲರ ಕಣ್ಣೂ ಅವಳ ಕತ್ತಿನ ಮೇಲೆ. ಅದೊಂದು ಚೂರು ಆಡಿದರೆ ಸಾಕು.

"ಬಿಟ್ಟಿಲ್ಲ," ಎಂದಳು.

ಅತ್ತಿಗೆಯ ಕೈಯ ತಟ್ಟೆ ಟಣಾರೆಂದಿತು.

"ಯಾರೂ ಹಚ್ಚಿಲ್ಲ. ಅವನ ಮುಖ ನೋಡೋಕಿಂತ ಎಷ್ಟೋ ಮೊದಲಿಂದ ಆಡ್ತಿದೀನಿ. ಬಿಡ್ಬೇಕು ಅಂತ ಒಂದು ದಿನವೂ ಅನ್ಕೊಂಡಿಲ್ಲ. ನಾನು ತೇಯ್ದ ಗಾಜು ಹಾಕ್ಕೊಂಡವರು ಯಾರಾದ್ರೂ ಎಡವಿ ಬಿದ್ದಿದಾರಾ? ಅಮ್ಮನಿಗೆ ಹುಷಾರಿಲ್ದಾಗ ಪಕ್ಕ ಕೂತಿರ್ಲಿಲ್ವಾ? ಸೆಳೆತ ಇದೆ, ಸುಳ್ಳು ಹೇಳಲ್ಲ. ಊಟ ಮರೆತದ್ದೂ ಉಂಟು. ಯಾವಾಗ ನಿಲ್ಲಿಸ್ಬೇಕು ಅಂತ ನಾನೇ ಕಲೀತಿದೀನಿ. ಅದು ನನ್ನ ಕೆಲಸ, ನನಗೆ ಬಿಡಿ. ಬಿಟ್ಟೆ ಅಂತ ಸುಳ್ಳು ಹೇಳಿ ನಿಮ್ಮ ಮನೆಗೆ ಬಂದು, ಬಚ್ಚಲಲ್ಲಿ ಅಡಗಿ ಆಡೋ ಸೊಸೆ ಬೇಕಾ ನಿಮಗೆ?"



"ಯಾವ ಗೇಮು?" ಎಂದು ಗಂಡು ಮೆಲ್ಲಗೆ ಕೇಳಿದ.

"ನೀನು ಬಾಯ್ಮುಚ್ಚೋ!" ಎಂದಳು ಅವನ ತಾಯಿ.

ಅವರು ಹೋದ ಮೇಲೆ ಅಣ್ಣ ಕುರ್ಚಿಗೆ ಕುಸಿದ. "ಮಾನ ಕಳೆದ್ಯಲ್ಲೇ... ಇನ್ಯಾರು ಬರ್ತಾರೆ ಈ ಮನೆ ಬಾಗಿಲಿಗೆ?"

ಅಮ್ಮ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. "ಬಂದವರೆಲ್ಲ ಹೋಗ್ಲಿ ಬಿಡೋ," ಎಂದಳು ತಿರುಗಿ ನೋಡದೆ. "ಇವತ್ತು ಇವಳು ತಲೆ ಆಡಿಸಿದ್ರೆ ನನಗೆ ಭಯ ಆಗ್ತಿತ್ತು. ನನ್ನ ಮಗಳೇ ಅಲ್ಲ ಅನ್ನಿಸ್ತಿತ್ತು."

*

ಮರುದಿನ ಅವಳು ಮೆಟ್ಟಿಲು ಹತ್ತಲಿಲ್ಲ. ಲಿಫ್ಟಿನ ತೆರೆದ ಬಾಗಿಲ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಅವನು ಡಬ್ಬಿಯ ನೆತ್ತಿಯ ಮೇಲೆ ಕುಳಿತು ತಂತಿಗೆ ಎಣ್ಣೆ ಹಾಕುತ್ತಿದ್ದ.

"ಇಳಿ."

ಅವನ ಕೈಯ ಎಣ್ಣೆಕುಡಿಕೆ ಜಾರಿ ಗುಂಡಿಗೆ ಬಿತ್ತು. ಇಳಿದ.

"ಯಾರು ಕರೆದ್ರು ನಿನ್ನ ಮಧ್ಯೆ ಬಾ ಅಂತ?" ಅವಳು ಕೇಳಿದಳು. "ಅಣ್ಣ ಮೃಗಾನಾ? ನಾನು ಅವತ್ತು ಉತ್ತರ ಕೊಡೋಕೆ ಬಾಯಿ ತೆಗೆದಿದ್ದೆ. ನನ್ನ ಜಗಳ ಅದು! ನನ್ನ ಉಳಿಸ್ತೀನಿ ಅಂತ ಹೋಗಿ ನನ್ನನ್ನೇ ಅಳಿಸಿಬಿಟ್ಯಲ್ಲೋ. ಬಿಡ್ಬೇಕು ಅಂತಿದ್ಲಂತೆ! ಯಾರಿಗೆ ಹೇಳಿದ್ದೆ ನಾನು ಅದನ್ನ?"

ಅವನು ಎಣ್ಣೆಯ ಕೈಯನ್ನು ಅಂಗಿಗೆ ಒರೆಸಿಕೊಂಡ.

"ನಿನಗೆ ಏಟು ಬೀಳ್ತಿತ್ತು... ಕಾಲು ತಾನಾಗೇ ಮುಂದೆ ಹೋಯ್ತು. ಯೋಚನೆ ಮಾಡ್ಲಿಲ್ಲ. ಮನೆಗೆ ಹೋದ್ಮೇಲೆ ನಿನ್ನ ಮುಖ ನೆನಪಾಯ್ತು. ಆಗ ಅರ್ಥ ಆಯ್ತು ಏನು ಮಾಡ್ದೆ ಅಂತ. ಹೇಳೋಣ ಅಂದ್ರೆ ನೀನು..."

"ಬ್ಲಾಕ್ ಮಾಡಿದ್ದೆ." ಅವಳು ನೆಲ ನೋಡಿದಳು. "ಅದು ನನ್ನ ತಪ್ಪು. ನನ್ನ ಆಟದಲ್ಲಿ 'ಯಾಕೆ' ಅಂತ ಕೇಳೋ ಬಟನ್ನೇ ಇಲ್ಲ. ಯುದ್ಧ ಇದೆ, ಸಂಧಿ ಇದೆ. ಕೇಳೋದು ನಾನು ಕಲೀಲೇ ಇಲ್ಲ."

"ಈಗ ಕೇಳು."

"ಈಗ ಟೈಮಿಲ್ಲ. ನಡಿ, ಅಣ್ಣನ ಹತ್ರ. ನೀನು ಹೇಳಿದ ಸುಳ್ಳು ವಾಪಸ್ ತಗೋಬೇಕು. 'ಅವಳು ನನಗಿಂತ ಮೊದಲಿಂದ ಆಡ್ತಾಳೆ, ಅವಳಿಷ್ಟಕ್ಕೆ ಆಡ್ತಾಳೆ, ನನಗಿಂತ ಚೆನ್ನಾಗಿ ಆಡ್ತಾಳೆ.' ಇಷ್ಟೂ ಹೇಳ್ಬೇಕು."

"ಕೊನೇದೂ ಹೇಳ್ಬೇಕಾ?"

"ಅದೇ ಮುಖ್ಯ!"

ಡ್ರೈವಿಂಗ್ ಸ್ಕೂಲಿನ ಕಾರು ಮೈದಾನದ ಅಂಚಿನಲ್ಲಿ ನಿಂತಿತ್ತು. ಅಣ್ಣ ಪಕ್ಕದ ಸೀಟಿನಲ್ಲಿ ಕುಳಿತು ಮುಂದಿನ ಶಿಷ್ಯನಿಗಾಗಿ ಕಾಯುತ್ತಿದ್ದ. ಅವಳು ನೇರ ಹೋಗಿ ಸ್ಟೇರಿಂಗಿನ ಮುಂದೆ ಕುಳಿತಳು. ಲಿಫ್ಟಿನವನು ಹಿಂದಿನ ಸೀಟಿಗೆ ಹತ್ತಿದ.

"ಏನಿದು? ಇಳೀರಿ ಇಬ್ಬರೂ!"

"ಕಾರು ಕಲಿಸ್ತೀನಿ ಅಂತ ಎಷ್ಟು ವರ್ಷದಿಂದ ಹೇಳ್ತಿದ್ದೀಯ ಅಣ್ಣಾ. ಇವತ್ತು ಕಲಿಸು." ಕಾರು ಮುಗ್ಗರಿಸಿ ಹೊರಟಿತು.

"ಕ್ಲಚ್ಚು! ಕ್ಲಚ್ಚು ಒತ್ತೇ!"

"ಒತ್ತಿದೀನಿ. ನೀನು ಅವನ ಮಾತು ಕೇಳು."

ಹಿಂದಿನಿಂದ ಲಿಫ್ಟಿನವನು ಗಂಟಲು ಸರಿಪಡಿಸಿಕೊಂಡ. "ನಾನು ಅವತ್ತು ಸುಳ್ಳು ಹೇಳ್ದೆ. ಅವಳನ್ನ ಯಾರೂ ಎಳೆದಿಲ್ಲ. ನನಗಿಂತ ಮೊದಲಿಂದ ಅವಳೇ ಇಷ್ಟಪಟ್ಟು ಆಡ್ತಾಳೆ. ನಾನೂ ಆಡ್ತೀನಿ. ಕೆಲಸ ಬಿಟ್ಟು ಆಡಲ್ಲ, ಕದ್ದು ಆಡಲ್ಲ. ಹೀಗೇ ಇರ್ತೀವಿ. ನೀವು ಒಪ್ಪಿದ್ರೆ ಸಂತೋಷ. ಒಪ್ಪದಿದ್ರೆ... ಒಪ್ಪೋವರೆಗೂ ಬರ್ತಾ ಇರ್ತೀನಿ."

"ಇನ್ನೂ ಒಂದಿದೆ," ಎಂದಳು ಕನ್ನಡಿಯಲ್ಲಿ ಅವನನ್ನೇ ನೋಡುತ್ತಾ.

"...ನನಗಿಂತ ಚೆನ್ನಾಗಿ ಆಡ್ತಾಳೆ."

"ಮುಂದೆ ನೋಡೇ! ತಿರುವು! ತಿರುವು!" ಅಣ್ಣನ ಕಾಲು ಬ್ರೇಕಿನ ಮೇಲೆ ಎಗರಿತು.

"ಒತ್ತಬೇಡ ಅಣ್ಣಾ!" ಅವಳು ಕೂಗಿದಳು. "ನನಗೆ ಕಾಣಿಸ್ತಿದೆ. ನನ್ನ ಕಾಲ ಕೆಳಗೂ ಒಂದು ಬ್ರೇಕಿದೆ!"

ಅಣ್ಣನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ಒತ್ತಲಿಲ್ಲ.

ಅವಳು ವೇಗ ತಗ್ಗಿಸಿ, ಸ್ಟೇರಿಂಗು ತಿರುಗಿಸಿ, ತಿರುವು ದಾಟಿದಳು. ಮೈದಾನದ ಬೇಲಿ ತಾಕಿತೋ ಇಲ್ಲವೋ ಎಂಬಷ್ಟು ಪಕ್ಕದಲ್ಲಿ ಹಾದುಹೋಯಿತು. ಕಾರು ನಿಂತಿತು... ಅವಳು ನಿಲ್ಲಿಸಿದ್ದರಿಂದ.

ಅಣ್ಣ ಬೆವರು ಒರೆಸಿಕೊಂಡ. 

"ಗೇರು ಬದಲಾಯಿಸೋದು ಮಹಾ ಕೆಟ್ಟದಾಗಿದೆ," ಎಂದ ಕೊನೆಗೆ. ಬಾಗಿಲು ತೆರೆದು ಇಳಿದ. ಇಳಿದವನು ಬಗ್ಗಿ ಹಿಂದಿನ ಸೀಟಿನವನನ್ನು ನೋಡಿದ. "ಭಾನುವಾರ ಊಟಕ್ಕೆ ಬಾ. ಅಮ್ಮ ಕೇಳ್ತಿದ್ಲು. ಊಟದ ಹೊತ್ತಲ್ಲಿ ಇಬ್ಬರ ಮೊಬೈಲೂ ನನ್ನ ಕಣ್ಣಿಗೆ ಬೀಳ್ಬಾರ್ದು, ಹೇಳಿದೀನಿ!"

"ಊಟಕ್ಕೆ ಬೀಳಲ್ಲ. ಊಟ ಆದ್ಮೇಲೆ ಬೀಳುತ್ತೆ," ಎಂದಳು ತಂಗಿ.

ಅಣ್ಣ ಬಾಗಿಲು ದಡಾರೆಂದು ಹಾಕಿಕೊಂಡು ಹೋದ. ಹೋಗುತ್ತಾ ನಗುತ್ತಿದ್ದನೆಂದು ಅತ್ತೆಯ ಹೇಳಿಕೆ. ಅಣ್ಣನ ಶಿಷ್ಯರು ಇದನ್ನು ನಂಬುವುದಿಲ್ಲ.

ಲಿಫ್ಟಿನವನು ಇಳಿದ. ಮುಂದಿನ ಬಾಗಿಲು ತೆರೆದು ಅವಳ ಪಕ್ಕ ಕುಳಿತ.

"ಮದುವೆ ಆದ್ಮೇಲೂ ಆಡ್ತೀನಿ," ಎಂದಳು ಅವಳು, ಇನ್ನೂ ಸ್ಟೇರಿಂಗು ಬಿಗಿಹಿಡಿದು.

"ಗೊತ್ತು."

"ಮಕ್ಕಳಾದ್ಮೇಲೂ."

"ಗೊತ್ತು."

"ಮುದುಕಿ ಆದ್ಮೇಲೂ!"

"ಕಣ್ಣು ಕಾಣಿಸ್ಬೇಕಲ್ಲ?"

"ಗಾಜು ನಾನೇ ತೇಯ್ಕೋತೀನಿ."

ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಸ್ಟೇರಿಂಗಿನಿಂದ ಬಿಡಿಸಿ ತನ್ನ ಅಂಗೈಯೊಳಗೆ ಇಟ್ಟುಕೊಂಡ.

"ನನಗೂ ಒಂದು ಜೊತೆ ತೇಯ್ದು ಕೊಡು," ಎಂದ. "ನಿನ್ನ ಪಕ್ಕ ಕೂತು ನೋಡ್ತಿರ್ಬೇಕಲ್ಲ..."

*

ಅತ್ತೆ ಇಲ್ಲಿಗೆ ನಿಲ್ಲಿಸಿ ಸೆರಗಿಗೆ ಚುಚ್ಚಿದ್ದ ಸೂಜಿಯನ್ನು ತೆಗೆದು ಡಬ್ಬಿಗೆ ಹಾಕಿದಳು.

"ಅತ್ತೇ, ಕೊನೆಗೆ ಯಾವ ಆಟದ ಸೆಳೆತ ಹೆಚ್ಚು ಅಂತಾಯ್ತು?" ಕೇಳಿದರು ಒಬ್ಬರು.

"ಇವತ್ತಿಗೂ ಅದೇ ಜಗಳ ಅವರಿಬ್ಬರಿಗೆ. ಇತ್ಯರ್ಥ ಆಗಿಬಿಟ್ರೆ ಸಂಸಾರಕ್ಕೆ ಉಳಿಯೋದೇನು?"

ಹೊರಗೆ ಲಾರಿ ಹೊಗೆಯುಗುಳಿ ಹೊರಟಿತು. ಕುಳಿತವರು ಎದ್ದರು, ಬಟ್ಟೆಯ ಧೂಳು ಕೊಡವಿಕೊಂಡರು, ಬೀಗದ ಕೈ ತಡಕಿಕೊಂಡರು. ಯಾರೋ ಅತ್ತೆಯ ಚೀಲ ಹಿಡಿದುಕೊಂಡರು. ಮಾತಾಡುತ್ತಾ, ಒಬ್ಬರ ಹಿಂದೊಬ್ಬರು ಮೆಟ್ಟಿಲಿಳಿದು ತಮ್ಮ ತಮ್ಮ ಮನೆಗಳ ಕಡೆ ನಡೆದರು.